ಒಂದಡಿ ಎತ್ತರದ ಐರನ್ ಮ್ಯಾನ್‌ಗೆ ಯಾಕಿಷ್ಟು ಬೆಲೆ?

ಹಾಟ್ ಟಾಯ್ಸ್ ಕಂಪನಿಯ ಒಂದಡಿ ಎತ್ತರದ ಬೊಂಬೆಗೆ 2010ರ ಆಸುಪಾಸಿನಲ್ಲಿ 150ರಿಂದ 200 ಡಾಲರ್ ಬೆಲೆ ಇತ್ತು. ಈಗ ಸಾಮಾನ್ಯ ಬೊಂಬೆಯೇ 250ರಿಂದ 300 ಡಾಲರ್, ಲೋಹದ ಭಾಗಗಳಿರುವ ಐರನ್ ಮ್ಯಾನ್ ಆದರೆ 400ರ ಮೇಲೆ. ಅದು ನಮ್ಮೂರಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಒಳ್ಳೆಯ ಲ್ಯಾಪ್‌ಟಾಪ್‌ನ ಬೆಲೆ ಆಗಿರುತ್ತೆ. ಹಾಸ್ಟೆಲ್ ಬೀರುವಿನ ಮೇಲೆ ಒಂದಾದರೂ ಬ್ಯಾಟ್‌ಮ್ಯಾನ್ ನಿಲ್ಲಿಸಿಕೊಂಡಿರುವವರು ನಮ್ಮ ಕ್ಯಾಂಪಸ್ಸಿನಲ್ಲಿ ಕಡಿಮೆ ಏನಿಲ್ಲ. "ಕಂಪನಿಯವರಿಗೆ ದುರಾಸೆ" ಅನ್ನೋದು ಅವರೆಲ್ಲರ ಸಿದ್ಧ ಉತ್ತರ. ದುರಾಸೆ ಇಲ್ಲ ಅಂತ ನಾನು ಹೇಳಲ್ಲ. ಆದರೆ ನಾವು ಎಂಜಿನಿಯರಿಂಗ್ ಓದುವವರು, ಒಂದು ವಸ್ತುವಿನ ಬೆಲೆಯನ್ನು ಬಿಚ್ಚಿ ನೋಡೋಕೆ ಬರಬೇಕು. ಬೆಲೆ ಎಲ್ಲಿ ಏರಿತು, ಎಷ್ಟು ಏರಿತು, ಇದೇ ದಾರಿಯಲ್ಲಿ ಹೋದರೆ ಈ ಹವ್ಯಾಸ ಇನ್ನೆಷ್ಟು ದಿನ ನಡೆಯುತ್ತೆ, ನೋಡೋಣ.

ಬೊಂಬೆ ಅನ್ನಬಾರದು ಅಂತ ಹುಟ್ಟಿದ ಹೆಸರು

1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಅನ್ನೋ ಸೈನಿಕನ ಬೊಂಬೆ ತಂದಿತು. ಗಂಡುಹುಡುಗರು ಬೊಂಬೆ ಜೊತೆ ಆಡ್ತಾರೆ ಅಂದರೆ ಅಪ್ಪಂದಿರು ಕೊಡಿಸಲ್ಲ. ಅದಕ್ಕೇ 'ಆಕ್ಷನ್ ಫಿಗರ್' ಅನ್ನೋ ಹೊಸ ಹೆಸರು ಕಟ್ಟಿದರು. ಎತ್ತರ ಸುಮಾರು 12 ಇಂಚು, ಅಂದರೆ ನಿಜವಾದ ಮನುಷ್ಯನ ಆರನೇ ಒಂದು ಪಾಲು. ಹಾಟ್ ಟಾಯ್ಸ್‌ನವರು ಇವತ್ತಿಗೂ ಬಳಸೋದು ಇದೇ ಅಳತೆ. ನಕಲು ಮಾಡಿದವರನ್ನು ಹಿಡಿಯೋಕೆ ಸಹಾಯವಾಗಲಿ ಅಂತ ಜೋನ ಬಲಗೈ ಹೆಬ್ಬೆರಳಿನ ಉಗುರನ್ನು ಒಳಬದಿಗೆ ಇಟ್ಟಿದ್ದರಂತೆ. ಈ ಕ್ಷೇತ್ರದಲ್ಲಿ ನಕಲಿಯ ಕಾಟ ಅಷ್ಟು ಹಳೆಯದು.

1970ರ ದಶಕದಲ್ಲಿ ಕಚ್ಚಾತೈಲದ ಬೆಲೆ ನೆಗೆಯಿತು. ಪ್ಲಾಸ್ಟಿಕ್ ಹುಟ್ಟೋದೇ ತೈಲದಿಂದ. 12 ಇಂಚಿನ ಜೋ ಮೊದಲು 8 ಇಂಚಿಗೆ ಕುಗ್ಗಿದ, ಆಮೇಲೆ ಅಂಗಡಿಯಿಂದಲೇ ಕಾಣೆಯಾದ. 1982ರಲ್ಲಿ ತಿರುಗಿ ಬಂದಾಗ ಅವನ ಎತ್ತರ ಮುಕ್ಕಾಲು ಕಡಿಮೆ ನಾಲ್ಕು... ತಪ್ಪು ತಿಳಿಯಬೇಡಿ, ಮೂರೂ ಮುಕ್ಕಾಲು ಇಂಚು. ಆ ಅಳತೆಯನ್ನು ಗೆಲ್ಲಿಸಿ ತೋರಿಸಿದ್ದು ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಬೊಂಬೆಗಳು. ಸಿನಿಮಾ 1977ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು, ಕ್ರಿಸ್‌ಮಸ್ ಹೊತ್ತಿಗೆ ಬೊಂಬೆ ತಯಾರಾಗಲಿಲ್ಲ. ಕೆನ್ನರ್ ಏನು ಮಾಡಿತು ಗೊತ್ತಾ? ಒಳಗೆ ಬೊಂಬೆಯೇ ಇಲ್ಲದ ರಟ್ಟಿನ ಲಕೋಟೆ ಮಾರಿತು. ಅದರಲ್ಲಿದ್ದ ಚೀಟಿ ಕಳಿಸಿದರೆ ಮುಂದಿನ ವರ್ಷ ನಾಲ್ಕು ಬೊಂಬೆ ಮನೆಗೆ ಬರುತ್ತಿದ್ದವು. ನಾವು ಇವತ್ತು 'ಪ್ರಿ-ಆರ್ಡರ್' ಅಂತ ಮಾಡೋದು ಅದನ್ನೇ, ಚೀಟಿಯ ಬದಲು ಇಮೇಲ್ ಬರುತ್ತೆ ಅಷ್ಟೆ.

ನಮ್ಮ ದೇಶದಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ ಕಟ್ಟಿದ ಫನ್‌ಸ್ಕೂಲ್ ಇದೇ ಚಿಕ್ಕ ಜೋನನ್ನು ತಯಾರಿಸಿತು. ನಮ್ಮ ಅಣ್ಣಂದಿರು, ಚಿಕ್ಕಪ್ಪಂದಿರು ಮಣ್ಣಲ್ಲಿ ಹೂತು ಆಡಿದ ಆ ಬೊಂಬೆಗಳನ್ನು ಈಗ ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅಟ್ಟದ ಮೇಲೆ ಹಳೇ ಡಬ್ಬ ಇದ್ದರೆ ಒಮ್ಮೆ ನೋಡಿ.

ಹಾಟ್ ಟಾಯ್ಸ್ ಶುರುವಾದದ್ದು 2000ದಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಮೊದಲು ಸೈನಿಕರ ಬೊಂಬೆ, ಆಮೇಲೆ ಸಿನಿಮಾ ಪಾತ್ರಗಳು. 2008ರ ಐರನ್ ಮ್ಯಾನ್ ಸಿನಿಮಾದ ನಂತರ ಅವರ ಹೆಸರು ಎಲ್ಲ ಕಡೆ ಹರಡಿತು. ಚರ್ಮದ ರಂಧ್ರ, ಗಡ್ಡದ ನೆರಳು, ಕಣ್ಣಿನ ಹೊಳಪು ಎಲ್ಲ ಕಾಣುವ ಹಾಗೆ ಕೈಯಲ್ಲಿ ಬಣ್ಣ ಬಳಿದ ಮುಖ, ಹೊಲಿದು ತೊಡಿಸಿದ ಬಟ್ಟೆ. ಇದು ಆಟಿಕೆ ಅಲ್ಲ, ಆಡೋಕೆ ಯಾರೂ ಕೊಳ್ಳುವುದೂ ಇಲ್ಲ.

ಡಾಲರ್ ಕಥೆ ಬೇರೆ, ರೂಪಾಯಿ ಕಥೆ ಬೇರೆ

ಈಗ ಲೆಕ್ಕ. 2010ರಲ್ಲಿ 180 ಡಾಲರ್, ಈಗ 280 ಡಾಲರ್ ಅಂತ ಒಂದು ಮಧ್ಯಮ ಬೆಲೆ ಇಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಶೇ 55ರಷ್ಟು ಏರಿಕೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 2010ರಲ್ಲಿ 218ರ ಹತ್ತಿರ ಇತ್ತು, 2024ರಲ್ಲಿ 313. ಅಂದರೆ ಎಲ್ಲ ವಸ್ತುಗಳ ಬೆಲೆಯೂ ಸರಾಸರಿ 1.44 ಪಟ್ಟು ಆಗಿದೆ. 180 ಅನ್ನು 1.44ರಿಂದ ಗುಣಿಸಿದರೆ 259. ಅಮೆರಿಕದವನೊಬ್ಬ "ಬೆಲೆ ಗಗನಕ್ಕೆ ಹೋಯಿತು" ಅಂತ ಕೂಗಾಡುವಾಗ ನಿಜವಾಗಿ ಅವನ ಮೇಲೆ ಬಿದ್ದ ಹೆಚ್ಚುವರಿ ಭಾರ 20 ಡಾಲರ್ ಚಿಲ್ಲರೆ. ಅವನ ಸಂಬಳವೂ ಅಷ್ಟರಲ್ಲಿ ಏರಿದೆ.

ನಮ್ಮ ಕಡೆಯಿಂದ ನೋಡಿ. 2010ರಲ್ಲಿ ಡಾಲರ್‌ಗೆ ಸುಮಾರು 45 ರೂಪಾಯಿ. 180 ಡಾಲರ್ ಅಂದರೆ 8,100 ರೂ. 2025ರ ಕೊನೆಯ ಹೊತ್ತಿಗೆ ಡಾಲರ್ 88 ದಾಟಿತ್ತು. 280 ಡಾಲರ್ ಅಂದರೆ 24,640 ರೂ. ಮೂರು ಪಟ್ಟು! ನಮ್ಮ ದೇಶದ ಹಣದುಬ್ಬರ ಕಳೆದರೂ (ಈ ಅವಧಿಯಲ್ಲಿ ನಮ್ಮ ಬೆಲೆಗಳು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿವೆ) ಏರಿಕೆ ಎದ್ದು ಕಾಣುತ್ತೆ. ಇದಿನ್ನೂ ಸಾಗಾಟ, ಸುಂಕ ಸೇರಿಸದ ಲೆಕ್ಕ.

ಹಾಂಗ್‌ಕಾಂಗ್ ಡಾಲರ್ 1983ರಿಂದ ಅಮೆರಿಕದ ಡಾಲರ್‌ಗೆ 7.8ರ ಸುತ್ತ ಕಟ್ಟಿಹಾಕಿದ ಗೂಟದಲ್ಲಿದೆ. ಆದ್ದರಿಂದ ಹಾಂಗ್‌ಕಾಂಗ್ ಅಂಗಡಿಯಿಂದ ತರಿಸಿದರೂ ನೀವು ಎದುರಿಸೋದು ಅದೇ ಡಾಲರ್‌ನ್ನೇ. ಜಪಾನಿನ ಕಥೆ ತಿರುವುಮುರುವು. 2020ರಲ್ಲಿ ಒಂದು ಯೆನ್‌ಗೆ ಸುಮಾರು 70 ಪೈಸೆ, 2024ರಲ್ಲಿ ಸುಮಾರು 55 ಪೈಸೆ. 7,000 ಯೆನ್ ಬೆಲೆಯ ಬಂಡಾಯ್‌ನ ಎಸ್.ಎಚ್. ಫಿಗುಆರ್ಟ್ಸ್ ಬೊಂಬೆ ಆಗ 4,900 ರೂ. ಇದ್ದರೆ, ಅದೇ ಯೆನ್ ಬೆಲೆಗೆ 2024ರಲ್ಲಿ 3,850 ರೂ. "ಬೊಂಬೆಗಳೆಲ್ಲ ದುಬಾರಿ ಆದವು" ಅನ್ನುವ ಮುಂಚೆ ಯಾವ ದೇಶದ ದುಡ್ಡಲ್ಲಿ ಅಂತ ಕೇಳಬೇಕು.

ಅಚ್ಚಿನ ಲೆಕ್ಕ

ಮೆಕ್ಯಾನಿಕಲ್‌ನವರಿಗೆ ಇದು ಗೊತ್ತಿರುತ್ತೆ, ಉಳಿದವರಿಗೆ ಹೇಳ್ತೀನಿ. ಪ್ಲಾಸ್ಟಿಕ್ ಭಾಗಗಳನ್ನು ಮಾಡೋದು ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ತಳ್ಳಿ, ತಣಿಸಿ, ಹೊರಗೆ ತೆಗೆಯೋದು. ಒಂದು ಸಾರಿ ಅಚ್ಚು ಸಿದ್ಧವಾದರೆ ಪ್ಲಾಸ್ಟಿಕ್‌ನ ಖರ್ಚು ಪುಡಿಗಾಸು. ದುಡ್ಡೆಲ್ಲ ಇರೋದು ಅಚ್ಚಿನಲ್ಲಿ. ಒಂದು ಬೊಂಬೆಗೆ ಒಂದು ಅಚ್ಚು ಸಾಲದು. ಕೈಕಾಲು, ಕವಚ, ಆಯುಧ, ಬದಲಿ ಹಸ್ತಗಳು, ನಿಲ್ಲಿಸೋ ಪೀಠ, ಹೀಗೆ ಹಲವು ಬೇಕು.

ಒಂದು ಊಹೆಯ ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಇಟ್ಟುಕೊಂಡವು, ಯಾವ ಕಂಪನಿಯದ್ದೂ ಅಲ್ಲ. ಶಿಲ್ಪ, ಅಚ್ಚು, ಮಾದರಿ ಎಲ್ಲ ಸೇರಿ 1 ಲಕ್ಷ ಡಾಲರ್ ಖರ್ಚು ಅಂತಿಟ್ಟುಕೊಳ್ಳಿ. 10,000 ಬೊಂಬೆ ಮಾರಾಟವಾದರೆ ತಲಾ 10 ಡಾಲರ್. 2,500 ಮಾತ್ರ ಮಾರಾಟವಾದರೆ ತಲಾ 40 ಡಾಲರ್. ಕಾರ್ಖಾನೆಯಲ್ಲಿ ಕೂಡಿದ ಈ 30 ಡಾಲರ್ ಮೇಲೆ ರಾಯಲ್ಟಿ, ವಿತರಕ, ಅಂಗಡಿಯವನು ಎಲ್ಲರೂ ಶೇಕಡಾವಾರು ಹಾಕಿಕೊಳ್ಳುತ್ತಾರೆ. ಕೊನೆಗೆ ನಿಮ್ಮ ಬಿಲ್ಲಿನಲ್ಲಿ ಅದು 60 ಆಗಿ ನಿಂತರೆ ಆಶ್ಚರ್ಯ ಇಲ್ಲ.

ಈ ಹವ್ಯಾಸದ ನಿಜವಾದ ಅಪಾಯ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗ್ತಾರೆ. ಕೊಳ್ಳುವವರು ಕಡಿಮೆಯಾದರೆ ಅಚ್ಚಿನ ಖರ್ಚು ಉಳಿದವರ ತಲೆ ಮೇಲೆ ಬೀಳುತ್ತೆ. ಬೆಲೆ ಮತ್ತೆ ಏರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಇಂಟರ್ನಲ್ಸ್‌ನಲ್ಲಿ ಬರೆದಿದ್ದೀರಲ್ಲ ಪಾಸಿಟಿವ್ ಫೀಡ್‌ಬ್ಯಾಕ್ ಅಂತ, ಅದೇ ಇದು. ಇದನ್ನು ತಡೆಯೋಕೆ ಕಂಪನಿಗಳ ಬಳಿ ಇರೋ ಉಪಾಯ ಹಳೇ ಅಚ್ಚನ್ನೇ ಮತ್ತೆ ಮತ್ತೆ ದುಡಿಸೋದು. ಐರನ್ ಮ್ಯಾನ್‌ನ ಒಂದೇ ಕವಚ ಕಪ್ಪು ಬಣ್ಣದಲ್ಲಿ, 'ನಿಯಾನ್ ಟೆಕ್' ಬಣ್ಣದಲ್ಲಿ, ಯುದ್ಧದಲ್ಲಿ ಕೆರೆದುಹೋದ ರೂಪದಲ್ಲಿ ಯಾಕೆ ಬರುತ್ತೆ ಅಂದರೆ ಅಚ್ಚಿನ ಖರ್ಚು ಆಗಲೇ ಮುಗಿದಿದೆ, ಬಣ್ಣ ಮಾತ್ರ ಹೊಸದು. ಸಿನಿಮಾದಲ್ಲಿ ಇಲ್ಲದ ಬಣ್ಣಕ್ಕೆ ಯಾರಾದರೂ ದುಡ್ಡು ಕೊಡ್ತಾರಾ ಅಂತ ನಗಬೇಡಿ, ಕೊಡ್ತಾರೆ.

ಅಚ್ಚಿನ ಮೇಲೆ ಕೂಲಿ. ಈ ಬೊಂಬೆಗಳು ತಯಾರಾಗೋದು ಹೆಚ್ಚಾಗಿ ದಕ್ಷಿಣ ಚೀನಾದಲ್ಲಿ, ಆಟಿಕೆ ಕಾರ್ಖಾನೆಗಳ ತವರಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಆಸುಪಾಸು. ಅಲ್ಲಿನ ಶೆನ್‌ಜೆನ್ ನಗರದ ಕನಿಷ್ಠ ತಿಂಗಳ ಕೂಲಿ 2010ರಲ್ಲಿ 1,100 ಯುವಾನ್, 2018ರಲ್ಲಿ 2,200, 2025ರಲ್ಲಿ 2,520. ಡಾಲರ್‌ನಲ್ಲಿ ಹೇಳೋದಾದರೆ ಸುಮಾರು 160ರಿಂದ 350ಕ್ಕೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಬೊಂಬೆಗೆ ಮುಖವನ್ನು ಯಂತ್ರವೇ ಮುದ್ರಿಸಿಬಿಡುತ್ತೆ. ದುಬಾರಿ ಬೊಂಬೆಯಲ್ಲಿ ಹುಬ್ಬಿನ ಒಂದೊಂದು ಎಳೆ, ಕವಚದ ಮೇಲಿನ ಒಂದೊಂದು ಗೀರು ಮನುಷ್ಯರ ಕೈಯಿಂದ ಆಗಬೇಕು. ಈಚೆಗೆ ಇನ್‌ಆರ್ಟ್ ಥರದ ಪ್ರತಿಸ್ಪರ್ಧಿಗಳು ತಲೆಗೂದಲನ್ನು ಎಳೆ ಎಳೆಯಾಗಿ ನೆಟ್ಟು ಮಾರೋಕೆ ಶುರುಮಾಡಿದ್ದಾರೆ. ಅಷ್ಟು ಕೈಕೆಲಸ ಇರೋ ವಸ್ತುವಿನ ಬೆಲೆ ಕೂಲಿಯ ಜೊತೆಗೇ ಏರಬೇಕು, ಏರಿದರೆ ಅದರಲ್ಲಿ ಅನ್ಯಾಯ ಏನೂ ಇಲ್ಲ. 2010ರ ಬೆಲೆ ಅಷ್ಟು ಕಡಿಮೆ ಇದ್ದದ್ದು ಯಾರೋ ಕಡಿಮೆ ಕೂಲಿಗೆ ಕಣ್ಣು ನೋಯಿಸಿಕೊಂಡು ಬಣ್ಣ ಬಳಿದದ್ದರಿಂದ.

ಹಡಗು, ಸುಂಕ, ಪಾರ್ಸೆಲ್

ಕೊರೊನಾ ನಂತರ ಕಂಪನಿಗಳೆಲ್ಲ ಬೆಲೆ ಏರಿಸಿ, "ಹಡಗಿನ ಬಾಡಿಗೆ ಹೆಚ್ಚಾಯಿತು" ಅಂದವು. ಹೆಚ್ಚಾದದ್ದು ನಿಜ. ಡ್ರೂರಿ ಸಂಸ್ಥೆಯ ಸೂಚ್ಯಂಕದಲ್ಲಿ 40 ಅಡಿ ಕಂಟೇನರ್‌ನ ಬಾಡಿಗೆ 2019ರಲ್ಲಿ ಸರಾಸರಿ 1,420 ಡಾಲರ್ ಇದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ 10,000 ದಾಟಿತು. ಆದರೆ ಭಾಗಾಕಾರ ಮಾಡಿ. ಕಂಟೇನರ್‌ನೊಳಗೆ ಸುಮಾರು 60 ಘನ ಮೀಟರ್ ಸರಕು ಹಿಡಿಯುತ್ತೆ ಅಂತಿಟ್ಟುಕೊಳ್ಳೋಣ. ಬೊಂಬೆಯ ಡಬ್ಬ 40×30×15 ಸೆಂ.ಮೀ. ಅಂದರೆ 0.018 ಘನ ಮೀಟರ್. ಸುಮಾರು 3,300 ಡಬ್ಬ ಹಿಡಿಯುತ್ತವೆ. ತಲಾ ಬಾಡಿಗೆ 43 ಸೆಂಟ್‌ನಿಂದ 3 ಡಾಲರ್ ಚಿಲ್ಲರೆಗೆ ಏರಿತು. 280 ಡಾಲರ್ ವಸ್ತುವಿಗೆ ಇದು ಲೆಕ್ಕಕ್ಕೇ ಇಲ್ಲ. 10 ಡಾಲರ್‌ನ ಪ್ಲಾಸ್ಟಿಕ್ ಟ್ರಕ್ಕಿಗೆ ಇದೇ ಮೂರು ಡಾಲರ್ ದೊಡ್ಡ ಪೆಟ್ಟು. ಹಾಗಾಗಿ ದುಬಾರಿ ಬೊಂಬೆಯವರು ಹಡಗಿನ ಮೇಲೆ ತಪ್ಪು ಹೊರಿಸಿದರೆ ನಾನು ನಂಬಲ್ಲ. ಬಾಡಿಗೆ ಇಳಿದ ಮೇಲೆ ಬೆಲೆ ಇಳಿಯಲಿಲ್ಲ ಅನ್ನೋದನ್ನೂ ಗಮನಿಸಿ.

ಸುಂಕದ ವಿಷಯ ಹಾಗಲ್ಲ. ಅಮೆರಿಕದಲ್ಲಿ ಆಟಿಕೆಗಳ ಮೇಲೆ ಬಹುಕಾಲ ಆಮದು ಸುಂಕವೇ ಇರಲಿಲ್ಲ, ಅಲ್ಲಿ ಮಾರಾಟವಾಗುವ ಆಟಿಕೆಗಳಲ್ಲಿ ಸುಮಾರು ಶೇ 80 ಚೀನಾದವು. 2025ರ ಏಪ್ರಿಲ್‌ನಲ್ಲಿ ಚೀನಾ ಸರಕಿನ ಮೇಲಿನ ಹೊಸ ಸುಂಕ ಶೇ 145ಕ್ಕೆ ಹೋಯಿತು, ಮೇ ಮಧ್ಯದಲ್ಲಿ ಶೇ 30ಕ್ಕೆ ಇಳಿಯಿತು. ಆ ಐದು ವಾರ ಯಾವ ಬೆಲೆ ಬರೆಯಬೇಕು ಅಂತ ಯಾವ ಕಂಪನಿಗೂ ಗೊತ್ತಿರಲಿಲ್ಲ. ಆ ಸುಂಕಗಳ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದ ಅರ್ಜಿದಾರರಲ್ಲಿ ಮುಖ್ಯವಾದದ್ದು ಲರ್ನಿಂಗ್ ರಿಸೋರ್ಸಸ್, ಮಕ್ಕಳ ಕಲಿಕೆಯ ಆಟಿಕೆ ಮಾಡುವ ಕಂಪನಿ.

ನಾವು ಇದನ್ನೆಲ್ಲ ಮೊದಲೇ ನೋಡಿಯಾಗಿತ್ತು. 2020ರ ಫೆಬ್ರವರಿ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರ ಬಜೆಟ್‌ನಲ್ಲಿ 70ಕ್ಕೆ. 2023ರ ಬಜೆಟ್‌ಗೆ ಮುಂಚೆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆಯೂ ಇತ್ತು. ಅದರ ಮೇಲೆ ಆಗಿನ ಶೇ 12 ಜಿಎಸ್‌ಟಿ. 100 ರೂಪಾಯಿಯ ಬೊಂಬೆ 2020ಕ್ಕೆ ಮುಂಚೆ 136 ರೂ. 64 ಪೈಸೆ ಆಗುತ್ತಿತ್ತು. 2023ರ ದರದಲ್ಲಿ 190 ರೂ. ದಾಟಿತು. ಸುಂಕ ಒಂದೇ ಮೂರು ವರ್ಷದಲ್ಲಿ ಬೆಲೆಯನ್ನು ಸುಮಾರು 1.4 ಪಟ್ಟು ಮಾಡಿತು. ಅಮೆರಿಕದ ಹಣದುಬ್ಬರ ಹದಿನಾಲ್ಕು ವರ್ಷದಲ್ಲಿ ಮಾಡಿದ್ದು 1.44 ಪಟ್ಟು ಅಂತ ಮೇಲೆ ನೋಡಿದೆವಲ್ಲ, ಹೋಲಿಸಿ ನೋಡಿ. ಇದು ವ್ಯಾಪಾರಕ್ಕೆ ತರಿಸುವವರ ಲೆಕ್ಕ. ಸ್ವಂತ ಬಳಕೆಗೆ ಒಂದೇ ಒಂದು ತರಿಸಿದರೆ ಬೇರೆ ಶೀರ್ಷಿಕೆಯಡಿ ಬೇರೆ ದರ, ಅದೂ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತೆ. ಆರ್ಡರ್ ಮಾಡುವ ದಿನ ಆ ದರ ನೋಡಿಕೊಳ್ಳಬೇಕು.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದೇಶ ಇರೋದು 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ನಮ್ಮ ಬೊಂಬೆಯ ಡಬ್ಬದ ಮೇಲೆ '15+' ಅಂತ ಬರೆದಿರುತ್ತೆ ನಿಜ, ಆದರೆ ಪಾರ್ಸೆಲ್ ಬಿಚ್ಚಿ ನೋಡುವ ಅಧಿಕಾರಿಯ ಕಣ್ಣಿಗೆ ಬೊಂಬೆ ಬೊಂಬೆಯೇ.

ಇನ್ನು ವಿಮಾನದ ಪಾರ್ಸೆಲ್. ಕೊರಿಯರ್‌ನವರು ತೂಕಕ್ಕೆ ದುಡ್ಡು ತಗೊಳ್ತಾರೆ ಅಂದುಕೊಂಡಿದ್ದರೆ ಅರ್ಧ ಸತ್ಯ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ 'ಗಾತ್ರದ ತೂಕ' ಮತ್ತು ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ಮೇಲಿನ ಡಬ್ಬಕ್ಕೆ 3.6 ಕಿಲೋ. ಒಳಗಿರೋ ಬೊಂಬೆ ಒಂದೂವರೆ ಕಿಲೋ ಇದ್ದರೂ ಅಷ್ಟೇ. ಉಳಿದ ಎರಡು ಕಿಲೋ ಚಿಲ್ಲರೆ ನೀವು ಚಂದದ ಡಬ್ಬಕ್ಕೆ ಮತ್ತು ಗಾಳಿಗೆ ಕೊಡುವ ದುಡ್ಡು. ಅದರ ಮೇಲೂ ಸುಂಕ ಇದೆ, ಯಾಕೆಂದರೆ ಸುಂಕದ ಲೆಕ್ಕದಲ್ಲಿ ಸಾಗಾಟದ ವೆಚ್ಚವೂ ಸೇರುತ್ತೆ.

ಸುಂಕ ಏರಿಸಿದ್ದರ ಉದ್ದೇಶ ಇಲ್ಲೇ ಕಾರ್ಖಾನೆ ಬರಲಿ ಅಂತ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ವಿಮಾನದ ಬಿಡಿಭಾಗ ಮಾಡಿ ಹೆಸರಾದ ಕಂಪನಿ ಆಟಿಕೆಗೂ ಕೈಹಾಕಿರೋದು, ಹ್ಯಾಸ್‌ಬ್ರೋ ಅವರ ಗ್ರಾಹಕರಲ್ಲಿ ಒಂದಾಗಿರೋದು ನಮ್ಮಂಥವರಿಗೆ ಒಳ್ಳೇ ಸುದ್ದಿ. ಪ್ಲೇಸ್‌ಮೆಂಟ್ ದೃಷ್ಟಿಯಿಂದಲೂ ಗಮನಿಸಿ, ಅಚ್ಚು ವಿನ್ಯಾಸ ಬಲ್ಲವರಿಗೆ ಅಲ್ಲಿ ಕೆಲಸ ಇದೆ. ಆದರೆ 25,000 ರೂಪಾಯಿಯ ಬೊಂಬೆ ಸದ್ಯಕ್ಕೆ ಅಲ್ಲಿಂದ ಬರಲ್ಲ. ಅದಕ್ಕೆ ಬೇಕಿರೋದು ಅಚ್ಚಿನ ಯಂತ್ರಕ್ಕಿಂತ ಹೆಚ್ಚಾಗಿ ಮುಖಕ್ಕೆ ಬಣ್ಣ ಬಳಿಯುವ ಪಳಗಿದ ಕೈಗಳು.

ಕೊಳ್ಳುವವರು ಎಷ್ಟು ಜನ ಉಳಿದಿದ್ದಾರೆ?

ಇದನ್ನು ಅಳೆಯೋಕೆ ಒಂದು ಚಂದದ ಪ್ರಯೋಗ ಆಗಿಹೋಗಿದೆ. ಹ್ಯಾಸ್‌ಬ್ರೋ 2018ರಲ್ಲಿ ಹ್ಯಾಸ್‌ಲ್ಯಾಬ್ ಅಂತ ಶುರುಮಾಡಿತು. ಇಷ್ಟು ಜನ ಮೊದಲೇ ದುಡ್ಡು ಒಪ್ಪಿಕೊಂಡರೆ ಮಾತ್ರ ಮಾಡ್ತೀವಿ, ಇಲ್ಲಾಂದ್ರೆ ಇಲ್ಲ. ಮೊದಲನೆಯದು ಸ್ಟಾರ್ ವಾರ್ಸ್‌ನ ಜಬ್ಬಾನ ತೇಲುನೌಕೆ, 500 ಡಾಲರ್. 5,000 ಜನ ಬೇಕಿತ್ತು, 8,810 ಜನ ಬಂದರು. 2020ರ ಸೆಂಟಿನೆಲ್ ರೋಬೋಗೆ 6,000 ಬೇಕಿತ್ತು, 21,000ಕ್ಕೂ ಹೆಚ್ಚು ಬಂದರು. ಎಲ್ಲರೂ ಮನೆಯಲ್ಲಿ ಕೂತಿದ್ದ ಕಾಲ, ಖರ್ಚಿಗೆ ಬೇರೆ ದಾರಿ ಇರಲಿಲ್ಲ. 2021ರ ಕೊನೆಯಲ್ಲಿ ರ‍್ಯಾಂಕರ್ ಅನ್ನೋ ಪ್ರಾಣಿಗೆ 350 ಡಾಲರ್ ಇಟ್ಟರು, 9,000 ಜನ ಸೇರಲಿಲ್ಲ, ಯೋಜನೆ ಬಿದ್ದುಹೋಯಿತು. 2022ರಲ್ಲಿ ಘೋಸ್ಟ್ ರೈಡರ್‌ನ ಕಾರೂ ಬಿದ್ದಿತು. ಅಂದರೆ ಅತಿ ಶ್ರೀಮಂತ ಮಾರುಕಟ್ಟೆಯಲ್ಲೂ ಒಂದು ಮಿತಿ ಇದೆ, ಅದನ್ನು ಮುಟ್ಟಿಯಾಗಿದೆ.

ಇದಕ್ಕೆ ಎದುರಾಗಿ ಇನ್ನೊಂದು ಅಂಕಿ. 2024ರ ಮೊದಲ ಮೂರು ತಿಂಗಳಲ್ಲಿ ಅಮೆರಿಕದ ಆಟಿಕೆ ಮಾರಾಟದಲ್ಲಿ 18 ದಾಟಿದವರು ತಮಗಾಗಿಯೇ ಕೊಂಡದ್ದು 3ರಿಂದ 5 ವರ್ಷದ ಮಕ್ಕಳಿಗಾಗಿ ಕೊಂಡದ್ದನ್ನು ಮೊದಲ ಬಾರಿಗೆ ಮೀರಿಸಿತು ಅಂತ ಸರ್ಕಾನಾ ಸಂಸ್ಥೆ ಲೆಕ್ಕ ಕೊಟ್ಟಿತು. ದೊಡ್ಡವರು ಕೊಳ್ಳೋದು ನಿಂತಿಲ್ಲ. 350, 500 ಡಾಲರ್‌ನ ವಸ್ತುವಿನ ಎದುರು ಕೈ ಹಿಂದೆ ತಗೊಂಡಿದ್ದಾರೆ ಅಷ್ಟೆ. ಆದರೆ ಕೆಳಗಿನ ಮೆಟ್ಟಿಲೂ ಏರುತ್ತಿದೆ. 6 ಇಂಚಿನ ಮಾರ್ವೆಲ್ ಲೆಜೆಂಡ್ಸ್ ಬೊಂಬೆ ಬಹುಕಾಲ 20 ಡಾಲರ್‌ನಲ್ಲಿ ನಿಂತಿದ್ದು 2023ರ ಹೊತ್ತಿಗೆ 25ಕ್ಕೆ ಬಂತು. ಹೊಸಬರು ಈ ಹವ್ಯಾಸಕ್ಕೆ ಬರೋದು ಆ ಮೆಟ್ಟಿಲಿಂದ. ನನಗೆ 400 ಡಾಲರ್ ಐರನ್ ಮ್ಯಾನ್‌ಗಿಂತ ಹೆಚ್ಚು ಚಿಂತೆ ಹುಟ್ಟಿಸೋದು ಈ ಐದು ಡಾಲರ್.

"ಇನ್ವೆಸ್ಟ್‌ಮೆಂಟ್ ಮಗಾ"

ಪ್ರತಿ ಗುಂಪಿನಲ್ಲೂ ಈ ಮಾತು ಹೇಳೋ ಒಬ್ಬ ಇರ್ತಾನೆ. ಅವನಿಗೆ ಮಾರ್ವೆಲ್ ಕಥೆ ಹೇಳಿ. ಕಾಮಿಕ್ಸ್‌ನ ಕಥೆ ಅಲ್ಲ, ಕಂಪನಿಯ ಕಥೆ.

1990ರ ಸುಮಾರಿಗೆ ಅಮೆರಿಕದಲ್ಲಿ ಹಳೇ ಕಾಮಿಕ್ ಪುಸ್ತಕಗಳು ಭಾರೀ ಬೆಲೆಗೆ ಹೋಗುತ್ತಿದ್ದವು. ಅದನ್ನು ನೋಡಿದ ಜನ ಹೊಸ ಕಾಮಿಕ್‌ಗಳನ್ನು ಐದಾರು ಪ್ರತಿ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಬಚ್ಚಿಟ್ಟರು. ಪ್ರಕಾಶಕರು ಹೊಳೆಯೋ ರಕ್ಷಾಪುಟ, ಒಂದೇ ಸಂಚಿಕೆಗೆ ನಾಲ್ಕೈದು ರಕ್ಷಾಪುಟ ಅಂತ ಎಣ್ಣೆ ಸುರಿದರು. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಹಳೇ ಕಾಮಿಕ್‌ಗೆ ಬೆಲೆ ಬಂದದ್ದು ಅದನ್ನು ಮಕ್ಕಳು ಹರಿದು, ಅಮ್ಮಂದಿರು ರದ್ದಿಗೆ ಹಾಕಿ, ಕೊನೆಗೆ ಕೆಲವೇ ಉಳಿದದ್ದರಿಂದ. ಎಲ್ಲರೂ ಜೋಪಾನ ಮಾಡಿದ 80 ಲಕ್ಷ ಪ್ರತಿಗಳಿಗೆ ಎಲ್ಲಿಯ ಬೆಲೆ? 1993ರಿಂದ ಮಾರುಕಟ್ಟೆ ಕುಸಿಯಿತು, ಅಂಗಡಿಗಳು ಮುಚ್ಚಿದವು, ಸಾಲ ಮಾಡಿ ಬೇರೆ ಬೇರೆ ಕಂಪನಿಗಳನ್ನು ಕೊಂಡಿದ್ದ ಮಾರ್ವೆಲ್ 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. 1998ರಲ್ಲಿ ಅದನ್ನು ದಡ ಮುಟ್ಟಿಸಿದ್ದು ಟಾಯ್ ಬಿಜ್ ಅನ್ನೋ ಬೊಂಬೆ ಕಂಪನಿ. ಇವತ್ತಿನ ಮಾರ್ವೆಲ್ ಸಿನಿಮಾ ಸಾಮ್ರಾಜ್ಯ ಆ ಬೊಂಬೆ ವ್ಯಾಪಾರಿಗಳ ಕೈಯಿಂದ ಮೇಲೆದ್ದದ್ದು. 2009ರಲ್ಲಿ ಡಿಸ್ನಿ ಅದನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಘೋಷಿಸಿತು.

ಬೊಂಬೆಗೂ ಇದೇ ನಿಯಮ. ಡಬ್ಬ ಬಿಚ್ಚದೆ, ಬಿಸಿಲು ತಾಗದೆ ಎಲ್ಲರೂ ಇಟ್ಟುಕೊಂಡಿದ್ದಾರೆ. ಜೊತೆಗೆ ಕಂಪನಿಯೇ ನಿಮ್ಮ ಪ್ರತಿಸ್ಪರ್ಧಿ. ಹೀತ್ ಲೆಜರ್ ಮಾಡಿದ ಜೋಕರ್‌ನ ಬೊಂಬೆ ಹಾಟ್ ಟಾಯ್ಸ್‌ನಿಂದ 2009ರಲ್ಲಿ ಬಂತು, 2012ರಲ್ಲಿ ಇನ್ನೂ ಚೆನ್ನಾಗಿ ಬಂತು, ಹತ್ತು ವರ್ಷದ ನಂತರ ಮತ್ತೆ ಬಂತು. ಪ್ರತಿ ಸಾರಿಯೂ ಹಳೆಯದನ್ನು ಭಾರೀ ಬೆಲೆಗೆ ಕೊಂಡವನ ಮುಖ ನೋಡಬೇಕಿತ್ತು.

ಪ್ರಿ-ಆರ್ಡರ್‌ನ ಒಳಗೂ ಒಂದು ಜೂಜು ಇದೆ. ಘೋಷಣೆಯಿಂದ ಕೈಗೆ ಬರೋಕೆ ಒಂದು, ಒಂದೂವರೆ ವರ್ಷ ಸಾಮಾನ್ಯ. ಮುಂಗಡ ಈಗ, ಬಾಕಿ ಆಗ. ಬಾಕಿ ಡಾಲರ್‌ನಲ್ಲಿದ್ದರೆ ಆ ದಿನದ ರೂಪಾಯಿ ದರ, ಆ ದಿನದ ಸುಂಕ. 2024ರ ಆರಂಭದಲ್ಲಿ 83ರ ದರದಲ್ಲಿ ಒಪ್ಪಿಕೊಂಡ 280 ಡಾಲರ್, 88ರ ದರದಲ್ಲಿ ಕಟ್ಟುವಾಗ 1,400 ರೂ. ಹೆಚ್ಚು. ನಾಲ್ಕು ಪ್ರಿ-ಆರ್ಡರ್ ಒಟ್ಟಿಗೆ ಹಾಕಿಕೊಂಡ ಆರನೇ ಸೆಮ್ ಹುಡುಗ ಏಳನೇ ಸೆಮ್‌ನಲ್ಲಿ ಅವೆಲ್ಲ ಒಂದೇ ತಿಂಗಳು ಬಂದು ಇಳಿದಾಗ ಏನು ಮಾಡ್ತಾನೆ? ಮೆಸ್ ಬಿಲ್ ದುಡ್ಡು ಅಲ್ಲಿಗೆ ಹೋಗುತ್ತೆ, ಇಲ್ಲವೇ ಮುಂಗಡ ಮುಳುಗುತ್ತೆ. ತಿಂಗಳಿಗೆ 1,500 ರೂ. ಹದಿನೆಂಟು ತಿಂಗಳು ಆರ್‌ಡಿ ಕಟ್ಟಿದರೆ 27,000 ರೂ. ಮತ್ತು ಬಡ್ಡಿ. ಅಷ್ಟು ಹೊತ್ತಿಗೆ ಬೊಂಬೆಯ ನಿಜವಾದ ಫೋಟೋಗಳೂ ಬಂದಿರುತ್ತವೆ, ಬೇಕಾ ಬೇಡವಾ ಅಂತ ನಿಮ್ಮ ಮನಸ್ಸೂ ಸ್ಪಷ್ಟವಾಗಿರುತ್ತೆ.

ರಸಾಯನಶಾಸ್ತ್ರ ಯಾರ ಮಾತನ್ನೂ ಕೇಳಲ್ಲ

ಮನೆಯಲ್ಲಿ ದಸರಾಕ್ಕೆ ಕೂರಿಸುವ ಪಟ್ಟದ ಗೊಂಬೆಗಳನ್ನು ನೋಡಿ. ಮರದ್ದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬರುತ್ತೆ. ಸೀರೆ ಬದಲಿಸಿದರೆ ಮುಗೀತು. ನಮ್ಮ 25,000 ರೂಪಾಯಿಯ ಸೂಪರ್‌ಹೀರೋಗೆ ಆ ಭಾಗ್ಯ ಇಲ್ಲ.

ಚರ್ಮದಂತೆ ಕಾಣುವ ಅವನ ಉಡುಪು ಬಹುಪಾಲು ಪಾಲಿಯುರೆಥೇನ್ ಲೇಪಿಸಿದ ಬಟ್ಟೆ. ಪಾಲಿಯೆಸ್ಟರ್ ಮೂಲದ ಪಾಲಿಯುರೆಥೇನ್‌ನಲ್ಲಿರುವ ಎಸ್ಟರ್ ಬಂಧಗಳನ್ನು ಗಾಳಿಯ ತೇವಾಂಶ ನಿಧಾನಕ್ಕೆ ಕಡಿಯುತ್ತೆ. ಹೈಡ್ರಾಲಿಸಿಸ್ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಸರಪಳಿ ತುಂಡಾದಂತೆ ಲೇಪ ಬಿರುಕು ಬಿಡುತ್ತೆ, ಆಮೇಲೆ ಹಪ್ಪಳದಂತೆ ಉದುರುತ್ತೆ. ಹಳೇ ಸೋಫಾ, ಬಳಸದೇ ಇಟ್ಟ ಶೂನ ಅಡಿಭಾಗ ಇವೂ ಹೀಗೇ ಹಾಳಾಗೋದು. ಮಂಗಳೂರು, ಕಾರವಾರದ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ವಾತಾವರಣ. ಡಬ್ಬದೊಳಗೆ ಮುಚ್ಚಿಟ್ಟರೂ ನಿಲ್ಲಲ್ಲ, ತೇವ ಒಳಗೇ ಇರುತ್ತೆ.

ಮೆತ್ತನೆಯ ಪಿವಿಸಿ ಭಾಗಗಳಲ್ಲಿ ಬೆರೆಸಿದ ಪ್ಲಾಸ್ಟಿಸೈಸರ್ ವರ್ಷಗಳಲ್ಲಿ ಮೇಲ್ಮೈಗೆ ಒಸರಿ ಬೊಂಬೆ ಅಂಟಂಟಾಗುತ್ತೆ. ಇದಕ್ಕೆ ಸ್ವಲ್ಪ ಸೋಪು ನೀರು, ಗಾಳಿಯಾಡುವ ಜಾಗ ಸಾಕು. ಬಿಳಿ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗುತ್ತೆ. ಕೈ ಮೇಲೆತ್ತಿ, ಮೊಣಕಾಲು ಮಡಿಸಿ ವರ್ಷಗಟ್ಟಲೆ ನಿಲ್ಲಿಸಿದರೆ ಎಳೆತದಲ್ಲಿರೋ ಉಡುಪು ಅಲ್ಲೇ ಮೊದಲು ಸೀಳುತ್ತೆ. ನೆಟ್ಟಗೆ ನಿಲ್ಲಿಸೋದೇ ಕ್ಷೇಮ, ಅಂದ ಕಡಿಮೆ ಅನಿಸಿದರೂ ಸರಿ. ಗಾಜಿನ ಬೀರು, ಸಿಲಿಕಾ ಜೆಲ್, ಶೇ 40ರಿಂದ 50ರ ತೇವಾಂಶ ಇಟ್ಟುಕೊಂಡರೆ ಆಯಸ್ಸು ಹೆಚ್ಚುತ್ತೆ, ಅಮರ ಆಗಲ್ಲ. ಆದ್ದರಿಂದ ಕೊಳ್ಳುವಾಗಲೇ ಮನಸ್ಸಿನಲ್ಲಿ ಭಾಗಾಕಾರ ಮಾಡಿ. ಎಂಟು ವರ್ಷ ಬಾಳುವ ರಬ್ಬರ್ ಉಡುಪಿನ ಬೊಂಬೆ 40,000 ರೂ. ಅಂದರೆ ವರ್ಷಕ್ಕೆ 5,000. ಕವಚ ಪೂರ್ತಿ ಪ್ಲಾಸ್ಟಿಕ್ ಮತ್ತು ಲೋಹ ಇರೋ ಐರನ್ ಮ್ಯಾನ್, ನಿಜವಾದ ಬಟ್ಟೆ ತೊಟ್ಟ ಜೆಡೈ, ಇವು ಹೆಚ್ಚು ಕಾಲ ಉಳಿಯುತ್ತವೆ. ದುಬಾರಿ ಐರನ್ ಮ್ಯಾನ್ ಈ ಲೆಕ್ಕದಲ್ಲಿ ಅಗ್ಗ ಬೀಳಬಹುದು.

ಹಾಗಾದರೆ ಹೇಗೆ?

ನಮ್ಮ ದೇಶದ ಒಳಗೇ ಕೈಯಿಂದ ಕೈಗೆ ಮಾರಾಟವಾಗುವ ಹಳೇ ಬೊಂಬೆಗಳೇ ಸದ್ಯಕ್ಕೆ ವಿದ್ಯಾರ್ಥಿಗಳಿಗೆ ಎಟುಕುವ ದಾರಿ. ಸುಂಕ ಒಂದೇ ಸಾರಿ ಕಟ್ಟಬೇಕಾದದ್ದು, ಮೊದಲ ಮಾಲೀಕ ಕಟ್ಟಿಯಾಗಿದೆ. ಅದೇ ಬೊಂಬೆ ಐದು ಕೈ ಬದಲಾದರೂ ಮತ್ತೆ ಡಾಲರ್ ಹೊರಗೆ ಹೋಗಲ್ಲ, ಹೊಸ ಪ್ಲಾಸ್ಟಿಕ್ ಹುಟ್ಟಲ್ಲ. ಇಬ್ಬರು ಮೂವರು ಸೇರಿ ಕೊಂಡು ವರ್ಷಕ್ಕೊಮ್ಮೆ ರೂಮು ಬದಲಿಸುವವರೂ ಇದ್ದಾರೆ, ಜಗಳ ಆಗದಿದ್ದರೆ ಒಳ್ಳೇದು. ತ್ರೀಡಿ ಪ್ರಿಂಟರ್ ಇದೆಯಲ್ಲ ಅಂತೀರಾ? ಪೀಠ, ಹಿನ್ನೆಲೆ, ಮುರಿದ ಕೊಂಡಿ ಇವಕ್ಕೆ ಧಾರಾಳ ಬಳಸಿ. ಯಾರದೋ ಶಿಲ್ಪವನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿ ಮಾರೋದು ಕಳ್ಳತನ, ಅದನ್ನು ಬೇರೆ ಹೆಸರಲ್ಲಿ ಕರೆಯೋದು ಬೇಡ.

ಹಳೇ ಬೊಂಬೆ ಕೊಳ್ಳುವಾಗ ಮುಖ ನೋಡಿ ಮರುಳಾಗಬೇಡಿ. ಮೊಣಕೈ, ಕಂಕುಳು, ಮೊಣಕಾಲಿನ ಹಿಂಭಾಗದ ಹತ್ತಿರದ ಫೋಟೋ ಹಗಲು ಬೆಳಕಿನಲ್ಲಿ ಕೇಳಿ, ಬಿರುಕು ಶುರುವಾಗೋದು ಅಲ್ಲೇ. ಬೆಳಕು ಬರುವ ಬೊಂಬೆ ಆದರೆ ಬ್ಯಾಟರಿ ಗೂಡಿನ ಫೋಟೋ ಕೇಳಿ, ಬಟನ್ ಸೆಲ್ ಒಳಗೇ ಬಿಟ್ಟು ಸೋರಿದ್ದರೆ ಹಸಿರು ಕಿಲುಬು ಕಾಣುತ್ತೆ. ಬದಲಿ ಹಸ್ತಗಳನ್ನು ಎಣಿಸಿ, ಮಣಿಕಟ್ಟಿನ ಕೊಂಡಿ ಎರಡಾದರೂ ಹೆಚ್ಚಿಗೆ ಇವೆಯಾ ನೋಡಿ, ಮೊದಲು ಮುರಿಯೋದು ಅದೇ. ಮಾರುವವರು ಬೇರೆ ಊರಲ್ಲಿದ್ದರೆ ಪಾರ್ಸೆಲ್ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ಮೊದಲ ಟೇಪ್ ಕತ್ತರಿಸುವ ಮುಂಚಿನಿಂದಲೇ.